ಗೋಡೆಗೆ ಹಾಕಿದ ಫೋಟೋ

ತದಡಿಯ ಸೀಗಡಿ ಶೆಡ್ಡಿಗೆ ನಾನು ಮ್ಯಾನೇಜರಾಗಿ ಹೋದ ಹೊಸತು. ಕೆಲಸಕ್ಕೆ ಹುರುಪು ಬರಲೆಂದು, ಎಲ್ಲರಿಗಿಂತ ಬೇಗ ಸಿಪ್ಪೆ ಬಿಡಿಸುವ ನಾಗವೇಣಿಯ ಫೋಟೋ ಗೋಡೆಗೆ ಹಾಕಿಸಿದೆ. ವಾರ ಕಳೆಯುವುದರೊಳಗೆ ಅವಳೇ ಕೈಕಟ್ಟಿ ಕೂತಳು.

ಹೊರಗೆ ಲಾರಿ ಕಾಯುತ್ತಿತ್ತು. ಒಳಗೆ ಸೀಗಡಿಯ ಮೇಲಿನ ಐಸು ಕರಗುತ್ತಿತ್ತು. ಉಳಿದ ಹೆಂಗಸರೂ ಕೆಲಸ ಬಿಟ್ಟು ನನ್ನನ್ನೇ ನೋಡತೊಡಗಿದರು.

"ಎಂತ ಆತು?" ಎಂದೆ.

"ಆ ಫೋಟೋ ತೆಗೀರಿ. ಅದು ಬಂದಾಗಿಂದ ಇವ್ರು ನನ್ನ ಡಬ್ಬಿ ಸಾರು ಮುಟ್ಟೂದಿಲ್ಲ, ಅವ್ರದ್ದು ನಂಗೆ ಬಡ್ಸೂದಿಲ್ಲ."

"ಅದು ಗೌರವ ಮಾರಾಯ್ತಿ!"

"ಹಂಗಾರೆ ನಿಮ್ದೇ ಹಾಕ್ಕಳಿ."

ಸ್ಟೂಲು ಹತ್ತಿ ತೆಗೆದೆ. ಕೂಡಲೇ ಎಲ್ಲರ ಕೈಯೂ ಓಡತೊಡಗಿತು. ಲಾರಿ ತುಂಬಿ ಹೋಯಿತು.

ಹೆಡ್ಡಾಫೀಸಿನವರು ಖುಷಿಯಾಗಿ, ಆ ತಿಂಗಳು ಅಲ್ಲಿಯ ಗೋಡೆಗೆ ನನ್ನ ಫೋಟೋ ಹಾಕಿದರು. ಮೀಟಿಂಗಿಗೆಂದು ಹೋದವನು ಕ್ಯಾಂಟೀನಿನಲ್ಲಿ ಒಬ್ಬನೇ ಉಂಡು ಬಂದೆ.