ಊರಿಗೆ ಹೋದಾಗ ಹಾಕಿಸಿಕೊಂಡದ್ದು

ಮೊದಲು ಬಂದದ್ದು ಸೊಂಟನೋವು. ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಕುರ್ಚಿ ಸರಿಯಿಲ್ಲ ಎಂದುಕೊಂಡೆ. ಆಮೇಲೆ ಬಿಳಿ ಹೋಗಲು ಶುರುವಾಯಿತು. ಬಿಳಿ ಎನ್ನುವುದು ಬರೀ ಮಾತಿಗೆ. ಬಣ್ಣ ಹಳದಿ, ವಾಸನೆ ಬೇರೆ. ಉಷ್ಣವಾಗಿದೆ ಎಂದು ಮೆಂತ್ಯ ನೆನೆಸಿದ ನೀರು ಕುಡಿದೆ. ಎರಡನ್ನೂ ಒಟ್ಟಿಗೆ ಸೇರಿಸಿ ನೋಡುವ ಬುದ್ಧಿ ಬರಲಿಲ್ಲ.

ಸೇರಿಸಿ ನೋಡಿದವರು ನಮ್ಮ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್. “ಇನ್‌ಫೆಕ್ಷನ್ ಇರಬಹುದು, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇರಬಹುದು. ಆದರೆ ನಿಮ್ಮ ವಯಸ್ಸಿಗೆ ಕ್ಯಾನ್ಸರ್ ಅಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು” ಎಂದರು.

ಕ್ಯಾನ್ಸರ್.

ಮುಂದೆ ಅವರು ಹೇಳಿದ್ದು ಯಾವುದೂ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ. ರವಿ ಇಸ್ತ್ರಿ ಪೆಟ್ಟಿಗೆ ತೆಗೆದು ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿದರು. ಅವು ಮುಗಿದ ಮೇಲೆ ಟವೆಲ್‌ಗಳನ್ನೂ ಮಾಡಿದರು. ಆಗ ನನಗೆ ನಿಜವಾಗಿ ಭಯವಾಯಿತು.

ಜಿಪಿ ಬರೆದುಕೊಟ್ಟ ಸ್ಕ್ಯಾನ್‌ಗೆ ಆಸ್ಪತ್ರೆಯಿಂದ ಕರೆ ಬರುವ ಮೊದಲೇ ಚಳಿಜ್ವರ ಬಂತು. ಎಜ್‌ಬಾಸ್ಟನ್‌ನಲ್ಲಿ ಬಸ್ ಹತ್ತಲೂ ಆಗದೆ ರಸ್ತೆಯಲ್ಲೇ ಕುಸಿದು ಕೂತೆ. ರವಿ ಕಾರಿನಲ್ಲಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ಕೈ ನಿಲ್ಲಿಸಿ ಕೇಳಿದರು: “ಗರ್ಭ ನಿಲ್ಲದಿರಲು ಕಾಯ್ಲ್ ಹಾಕಿಸಿಕೊಂಡಿದ್ದೀರಾ?”

“ಇಲ್ಲ” ಎಂದೆ. ಸ್ವಲ್ಪವೂ ಅನುಮಾನವಿರಲಿಲ್ಲ.

ಅವರು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು.

ನನ್ನೊಳಗೆ ಕಾಪರ್-ಟಿ ಇತ್ತು.

ಮಗಳು ಹುಟ್ಟಿದ ಮೇಲೆ ಮೊದಲ ಸಲ ಮೈಸೂರಿಗೆ ಹೋಗಿದ್ದಾಗ ಹಾಕಿಸಿಕೊಂಡದ್ದು. ಇಲ್ಲಿರುವ ನಾವು ಊರಿಗೆ ಹೋದರೆ ಹಲ್ಲು ತೋರಿಸುತ್ತೇವೆ, ಕನ್ನಡಕ ಮಾಡಿಸುತ್ತೇವೆ, ರವಿಕೆ ಹೊಲಿಸುತ್ತೇವೆ. ಆ ಓಡಾಟದಲ್ಲಿ ಇದೂ ಒಂದು ಕೆಲಸ. ವಾಪಸು ಬಂದು ಇಲ್ಲಿನ ಜಿಪಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ಅದರ ದಾರ ಮೇಲೆ ಸರಿದಿದ್ದರಿಂದ ಗರ್ಭಕಂಠ ಪರೀಕ್ಷಿಸುವ ಸ್ಮಿಯರ್ ಟೆಸ್ಟ್‌ನಲ್ಲೂ ಯಾರಿಗೂ ಕಂಡಿರಲಿಲ್ಲ. ಅವಧಿ ಮೀರಿ ಒಳಗೇ ಉಳಿದು, ಇನ್‌ಫೆಕ್ಷನ್ ಆಗಿ, ಅಂಡಾಶಯದ ಪಕ್ಕ ಕೀವು ತುಂಬಿತ್ತು. ಇನ್ನೂ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು.

ಲೀಡ್ಸ್‌ನಲ್ಲಿ ಓದುವ ಮಗಳು ಮೇಘನಾ ಓಡಿ ಬಂದಳು. “ಅಮ್ಮಾ, ಹೌ ಡು ಯು ಫರ್ಗೆಟ್ ದಟ್?” ಎಂದು ಅತ್ತಳು. ಫ್ರಿಜ್‌ನಲ್ಲಿ ಮೊಸರು ಎಷ್ಟು ಉಳಿದಿದೆ ಎಂದು ನಿದ್ದೆಯಲ್ಲೂ ಹೇಳಬಲ್ಲ ನಾನು ಇದನ್ನು ಮರೆತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟರು. ಕಾಪರ್-ಟಿ ತೆಗೆದರು, ಬಯಾಪ್ಸಿ ಕಳಿಸಿದರು. ಕಾದ ದಿನಗಳ ಬಗ್ಗೆ ಬರೆಯಲು ಮನಸ್ಸಿಲ್ಲ.

ಕ್ಯಾನ್ಸರ್ ಇರಲಿಲ್ಲ.

ಸೊಂಟ ಈಗಲೂ ಆಗಾಗ ನೋಯುತ್ತದೆ. ಆದರೂ ಬದುಕಿದ್ದೇನೆ. ಆ ಜಿಪಿಗೆ, ಆ ಡಾಕ್ಟರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಮೊನ್ನೆ ಗೆಳತಿ ಸುಧಾ ಮೆಣಸಿನ ಸಾರು ಮಾಡಿಕೊಂಡು ನೋಡಲು ಬಂದಿದ್ದಳು. ಅವಳೂ ಮೈಸೂರಿನವಳೇ, ಇಲ್ಲಿಗೆ ಬಂದು ನನಗಿಂತ ಹೆಚ್ಚು ವರ್ಷವಾಗಿದೆ. ನಾನು ಎಲ್ಲವನ್ನೂ ತಮಾಷೆ ಮಾಡುತ್ತಾ ಹೇಳುತ್ತಿದ್ದೆ, ಅವಳು ಬಿದ್ದು ಬಿದ್ದು ನಗುತ್ತಿದ್ದಳು. ನಗುತ್ತಲೇ ಸಾರು ಬಡಿಸಲು ಸೌಟು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು.

“ಯಾಕೆ, ಏನಾಯ್ತೇ?”

“ನಾನೂ ಊರಲ್ಲೇ ಹಾಕಿಸ್ಕೊಂಡಿದ್ದೆ ಕಣೆ,” ಎಂದಳು. “ತೆಗೆಸಿದ್ನೋ ಇಲ್ವೋ, ನೆನಪೇ ಆಗ್ತಿಲ್ಲ.”

ಅವಳ ಕೈಯಿಂದ ಸೌಟು ತೆಗೆದುಕೊಂಡು ನನ್ನ ಫೋನ್ ಕೊಟ್ಟೆ.

“ಸಾರು ಆಮೇಲೆ. ಮೊದಲು ಜಿಪಿಗೆ ಫೋನ್ ಮಾಡು.”