ಸಾಯನ್‌ನಲ್ಲಿ ನಿಲ್ಲುವ ರಿಕ್ಷಾ

ಸಾಯನ್ ಬಂತೆಂದರೆ ಮುಂಬೈಯ ರಿಕ್ಷಾಗಳೆಲ್ಲ ಮಾಯ. ಅಲ್ಲಿಯವರೆಗೆ ಹೈವೇ ತುಂಬ ಇರುವೆ ಸಾಲಿನಂತೆ ಬರುವ ಕಪ್ಪು-ಹಳದಿ ರಿಕ್ಷಾ ಅಲ್ಲಿಂದ ಮುಂದೆ ಒಂದೂ ಕಾಣುವುದಿಲ್ಲ. ಊರಿನಿಂದ ಹೊಸದಾಗಿ ಬಂದಾಗ ಬಸ್ಸಿನ ಕಿಟಕಿಯಿಂದ ಇದನ್ನು ನೋಡಿ ಗಾಬರಿಯಾಗಿ ಅಕ್ಕನನ್ನು ಕೇಳಿದ್ದೆ.

"ಯಕ್ಕಾ, ಮುಂದ ಏನರ ಗಲಾಟಿ ಐತೇನು?"

"ಗಲಾಟಿ ಇಲ್ಲೋ ಮಾನ್ಯಾ. ಇಲ್ಲಿಂದ ಸಾಹೇಬರ ಮುಂಬೈ ಚಾಲೂ ಆಗತೈತಿ. ರಿಕ್ಷಾಕ್ಕ ಪರವಾನಗಿ ಇಲ್ಲ."

ಆಗ ಅದನ್ನು ತಮಾಷೆ ಎಂದುಕೊಂಡೆ. ನಮ್ಮ ಬಾದಾಮಿ ಕಡೆ ಟಂಟಂ ಹೋಗದ ಜಾಗವೇ ಇಲ್ಲ. ಹೆರಿಗೆ ಬೇನೆಯವಳನ್ನು ಹೊಲದ ಬದುವಿನಿಂದ ಹತ್ತಿಸಿಕೊಂಡು ದವಾಖಾನೆಯ ಬಾಗಿಲಿಗೇ ಇಳಿಸುತ್ತಾರೆ. ಇಲ್ಲಿ ಅದೇ ಮೂರು ಗಾಲಿಗೆ ನಡುರಸ್ತೆಯಲ್ಲಿ ಗಡಿ.

ನನ್ನನ್ನು ಈ ಊರಿಗೆ ಕರೆಸಿಕೊಂಡವಳು ಅಕ್ಕ ನೀಲವ್ವ. ಅವಳ ಗಂಡ, ನಮ್ಮ ಮಾವ, ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೂ ಚಾಳಿನ ಆ ಒಂದೇ ಖೋಲಿಯಲ್ಲಿ ನನಗೆ ಮಲಗಲು ಜಾಗ ಕೊಟ್ಟು, ಜೋಳದ ರೊಟ್ಟಿ ತಟ್ಟಿ ಮಾರಿ ಸಾಕಿದಳು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ರಿಕ್ಷಾದ ಬ್ಯಾಜ್ ಸಿಗಬೇಕಾದರೆ ಮರಾಠಿ ಬರಬೇಕಿತ್ತು. ನಳದ ಸಾಲಿನಲ್ಲಿ ನಿಂತ ಹೆಂಗಸರ ಜಗಳ ಕೇಳಿಸಿಕೊಂಡೇ ಅದನ್ನು ಕಲಿತೆ. ಆರ್‌ಟಿಒ ಸಾಹೇಬರು ಕೇಳಿದ್ದಕ್ಕೆ ನಾನು ಮರಾಠಿಯಲ್ಲಿ ತಡವರಿಸದೆ ಉತ್ತರ ಕೊಟ್ಟು ಬಂದ ದಿನ ಅಕ್ಕ ಹೋಳಿಗೆ ಮಾಡಿದ್ದಳು.

ಆಮೇಲೆ ಕಾನೂನು ಒಂದೊಂದಾಗಿ ತಿಳಿಯಿತು, ಓದಿ ಅಲ್ಲ, ಬೈಸಿಕೊಂಡು. ಗಾಡಿಗಳ ಕಾಯ್ದೆ ಇಡೀ ದೇಶಕ್ಕೆ ಒಂದೇ. ಅದರ ಕೆಳಗೆ ರಾಜ್ಯದ ನಿಯಮ. ಅದರ ಕೆಳಗೆ ದರ ಹೇಳುವ, ಪರ್ಮಿಟ್ ಕೊಡುವ, ಎಲ್ಲಿಯವರೆಗೆ ಓಡಬೇಕೆಂದು ಗೆರೆ ಎಳೆಯುವ ಅಧಿಕಾರಿಗಳು. ಹುಬ್ಬಳ್ಳಿಯಿಂದ ಮಾಲು ಹೇರಿಕೊಂಡ ಲಾರಿ ನ್ಯಾಷನಲ್ ಪರ್ಮಿಟ್ ಅಂಟಿಸಿಕೊಂಡು ನನ್ನ ಕಣ್ಣೆದುರೇ ಸಾಯನ್ ದಾಟಿ ವಡಾಲದ ಕಡೆ ಹೋಗುತ್ತದೆ. ಮೂಟೆಗೆ ದೇಶವೆಲ್ಲ ತೆರೆದಿದೆ. ನನ್ನ ಹಿಂದೆ ಕುಳಿತ ಮನುಷ್ಯನಿಗೆ ಸಾಯನ್ ದಾಟುವ ಹಾಗಿಲ್ಲ. ಕೇಳಿದರೆ, ರಿಕ್ಷಾ ಬಂದರೆ ರಸ್ತೆ ತುಂಬಿ ಗರ್ದಿ ಆಗುತ್ತದೆ ಎನ್ನುತ್ತಾರೆ. ಒಬ್ಬನೇ ಕುಳಿತು ಎಸಿ ಹಾಕಿಕೊಂಡು ಹೋಗುವ ಮೋಟಾರಿನಿಂದ ಗರ್ದಿ ಆಗುವುದಿಲ್ಲವೇ? ಅದಕ್ಕೆ ಯಾರೂ ಗೆರೆ ಎಳೆದಿಲ್ಲ. ಗೆರೆ ಎಳೆಯುವವರು ಅದರಲ್ಲೇ ಓಡಾಡುತ್ತಾರೆ.

ಅಕ್ಕನ ಕಿಡ್ನಿ ಕೆಟ್ಟ ಮೇಲೆ ಈ ಗೆರೆ ನಮ್ಮ ಮನೆಯೊಳಗೆ ಬಂತು. ಡಯಾಲಿಸಿಸ್ ಅಗ್ಗವಾಗಿ ಸಿಗುತ್ತಿದ್ದುದು ಸಾಯನ್ ಆಚೆ ದಾದರ್ ಕಡೆಯ ಒಂದು ಧರ್ಮಾಸ್ಪತ್ರೆಯಲ್ಲಿ. ಲೋಕಲ್‌ಗೆ ಹೋಗೋಣವೆಂದರೆ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಅವಳಿಗೆ ದಮ್ಮು ಸಾಲದು. ನಾನು ಸಾಯನ್‌ವರೆಗೆ ಬಿಡುತ್ತಿದ್ದೆ, ಅಲ್ಲಿಂದ ಟ್ಯಾಕ್ಸಿ ಹತ್ತಿಸುತ್ತಿದ್ದೆ. ಟ್ಯಾಕ್ಸಿಯವರು ಗಿರಾಕಿಯನ್ನು ಬೇಡ ಎನ್ನಬಾರದು ಎಂಬುದೂ ನಿಯಮವೇ. ಆದರೆ ಹತ್ತಿರದ ಬಾಡಿಗೆ ಎಂದರೆ ಅವರು ಗಾಜು ಏರಿಸುತ್ತಾರೆ. ಆ ನಿಯಮ ಕಾಯಲು ಯಾವ ಪೊಲೀಸನೂ ನಿಂತಿರುವುದಿಲ್ಲ.

ಇಷ್ಟು ಸಿಟ್ಟು ನನಗಿದೆ. ಈಗ ನಾನೇ ಮಾಡಿದ್ದರ ಮಾತು.

ಅವತ್ತು ಬಿಸಿಲು ವಿಪರೀತ. ಅಕ್ಕನ ಕಾಲುಗಳು ಬಾತಿದ್ದವು. ಸಾಯನ್‌ನಲ್ಲಿ ಕೇಳಿದ ಟ್ಯಾಕ್ಸಿಗಳೆಲ್ಲ ತಲೆ ಅಲ್ಲಾಡಿಸಿ ಹೋದವು.

"ಮಾನ್ಯಾ, ಇವತ್ತೊಂದು ದಿನ ದವಾಖಾನಿ ತನಕ ಬಿಟ್ಟು ಬಾರೋ. ಯಾರರ ಹಿಡದ್ರ ಪೇಷಂಟ್ ಅದಾಳ ಅನ್ನು. ನನ್ನ ಮಾರಿ ನೋಡಿದ್ರ ಬಿಡ್ತಾರ."

ಬಿಡುತ್ತಿದ್ದರು. ಜಡ್ಡಿನವರಿದ್ದರೆ ಪೊಲೀಸರು ಸುಮ್ಮನೆ ಕೈ ಬೀಸುವುದನ್ನು ನಾನೇ ನೋಡಿದ್ದೆ. ಅವತ್ತಂತೂ ಅಲ್ಲಿ ಪೊಲೀಸನೇ ಇರಲಿಲ್ಲ. ಆದರೆ ರಸ್ತೆಯ ಆ ಬದಿಯಲ್ಲಿ ಸೂಟ್‌ಕೇಸ್ ಹಿಡಿದ ಒಬ್ಬರು "ಬಾಂದ್ರಾ, ಬಾಂದ್ರಾ" ಎಂದು ಕೈ ಮಾಡುತ್ತಿದ್ದರು. ಸಾಯನ್‌ನಿಂದ ಗೆರೆ ದಾಟದೆ ಧಾರಾವಿ ಬಳಸಿಕೊಂಡು ಬಾಂದ್ರಾಕ್ಕೆ ಹೋಗುವುದು ಒಳ್ಳೆಯ ಬಾಡಿಗೆ. ನನ್ನ ಕಣ್ಣು ಅತ್ತ ಇತ್ತು. ದಿನವೆಲ್ಲ ಗಿರಾಕಿಗಳಿಗೆ ಹೇಳುವ ಮಾತೇ ಬಾಯಿಯಿಂದ ಬಂತು, ಹಿಂದಿಯಲ್ಲಿ, ತಿರುಗಿ ಕೂಡ ನೋಡದೆ: "ಆಗೇ ನಹೀ ಜಾಯೇಗಾ. ಉತರ್ ಜಾವ್."

ಮುಂದೆ ಹೋಗುವುದಿಲ್ಲ, ಇಳಿ. ನಮ್ಮವ್ವನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ.

ಅಕ್ಕ ಕಂಬಿ ಹಿಡಿದು ಇಳಿದು, ಮೀಟರಿನ ಕಡೆ ನೋಡಿ, ಎಷ್ಟಾಯಿತು ಎಂದು ಅವಳೂ ಹಿಂದಿಯಲ್ಲೇ ಕೇಳಿದಳು: "ಕಿತನಾ ಹುವಾ?"

ನಾನು ಸೂಟ್‌ಕೇಸಿನವರ ಕಡೆ ರಿಕ್ಷಾ ತಿರುಗಿಸಿದೆ.

ಅವಳು ಬಸ್ಸಿಗೆ ಕಾದು, ನಿಂತುಕೊಂಡೇ ಹೋಗಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಪಾಳಿ ಬೇರೆಯವರಿಗೆ ಹೋಗಿತ್ತು. ಡಯಾಲಿಸಿಸ್ ಇಲ್ಲದೆ ಮರಳಿದಳು. ಮರುದಿನ ಉಸಿರು ಸಿಗದೆ ಒದ್ದಾಡುವಾಗ ಚಾಳಿನವರು ಹತ್ತಿರದ ಆಸ್ಪತ್ರೆಗೆ ಹೊತ್ತೊಯ್ದರು. ನಾನು ಸುದ್ದಿ ತಿಳಿದು ಓಡಿ ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ಬದುಕಿದಳು.

ಮನೆಗೆ ಬಂದ ಮೇಲೆ ಅವಳ ಮುಂದೆ ಕುಳಿತು ಕಾಯ್ದೆಯನ್ನು ಬಯ್ದೆ, ಟ್ಯಾಕ್ಸಿಯವರನ್ನು ಬಯ್ದೆ, ಪರ್ಮಿಟ್ ಹೋಗಿದ್ದರೆ ಏನು ಗತಿ ಎಂದೆ. ಅಕ್ಕ ಎಲ್ಲ ಕೇಳಿಸಿಕೊಂಡಳು.

"ಕಾಯ್ದೆ ಖೊಟ್ಟಿ ಐತಿ, ಖರೇ. ಆದ್ರ ನಿನಗ ಅದರ ಅಂಜಿಕಿ ಇರಲಿಲ್ಲೋ ಮಾನ್ಯಾ. ಅನುಕೂಲ ಇತ್ತು."

"ಇನ್ನೊಮ್ಮಿ ಹಂಗ ಆಗಂಗಿಲ್ಲ ಯಕ್ಕಾ. ಬಾಗಿಲ ತನಕ ಬಿಡತೀನಿ. ದಂಡ ಹಾಕ್ಲಿ."

"ಬ್ಯಾಡ. ಬಸ್ಸಿಗೆ ಹೋಗತೀನಿ. ಅದು ಯಾರನ್ನೂ ಸಾಯನ್‌ನ್ಯಾಗ ಇಳಸಂಗಿಲ್ಲ."

ಈಗ ಅವಳು ಕೆಂಪು ಬಸ್ಸಿನಲ್ಲೇ ಹೋಗುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ರೊಟ್ಟಿ ಬಡಿಸುತ್ತಾಳೆ, ನನ್ನ ರಿಕ್ಷಾ ಮಾತ್ರ ಹತ್ತುವುದಿಲ್ಲ. ಅವಳು ಹೋಗುವ ದಿನಗಳಲ್ಲಿ ನಾನು ಖಾಲಿ ಗಾಡಿ ಓಡಿಸಿಕೊಂಡು ಸಾಯನ್ ತನಕ ಬಸ್ಸಿನ ಹಿಂದೆ ಹೋಗುತ್ತೇನೆ. ಮೊದಲ ಸಲ ಗೊತ್ತಾದಾಗ, "ಸುಮ್ಮನ ಗ್ಯಾಸ್ ಯಾಕ ಸುಡತೀಯೋ, ನಾ ಏನ ಮಂತ್ರಿ ಅದೀನೇನು ಹಿಂದ ಗಾಡಿ ಬರಾಕ," ಎಂದು ನಕ್ಕಳು. ಆದರೂ ಹೋಗುತ್ತೇನೆ.

ಊರಿಗೆ ಹೋದರೆ ನನ್ನನ್ನು ಮುಂಬೈ ಮಾನಪ್ಪ ಎಂದು ಕರೆಯುತ್ತಾರೆ. ಯಾವ ಮುಂಬೈ ಎಂದು ಅವರಿಗೆ ಹೇಗೆ ಹೇಳಲಿ? ನನ್ನ ಮುಂಬೈ ಸಾಯನ್‌ಗೆ ಮುಗಿಯುತ್ತದೆ. ಊರಿನ ಟಂಟಂನಲ್ಲಿ ಕುಳಿತರೆ ಗಿರಾಕಿಯಾಗಿ ಕೂರುವುದು ಮರೆತುಹೋಗಿದೆ, ಬ್ರೇಕಿಗೆಂದು ಕಾಲು ತಾನೇ ಒತ್ತುತ್ತದೆ. ಇಲ್ಲಿ ಸಾಯನ್ ಗೆರೆಯ ಹತ್ತಿರ ಬಂದರೆ ಅದೇ ಕಾಲು ಇನ್ನೂ ಬ್ರೇಕ್ ಒತ್ತುತ್ತದೆ.

ಮೊನ್ನೆಯೂ ಅಕ್ಕನ ಬಸ್ಸು ಸಾಯನ್ ಸಿಗ್ನಲ್ ದಾಟಿ ಹೋಯಿತು. ನಾನು ನಿಂತೆ. ಕೋಲೂರಿಕೊಂಡ ಒಬ್ಬ ಅಜ್ಜಿ ಬಂದು ಒಳಗೆ ಕೂರುತ್ತ "ದಾದರ್" ಎಂದಳು. ಆಗೇ ನಹೀ ಜಾಯೇಗಾ ಎನ್ನುವ ಬದಲು ಇಳಿದು ಅವಳ ಕೈ ಹಿಡಿದೆ, ರಸ್ತೆ ದಾಟಿಸಿದೆ, ಅಕ್ಕ ಹೋದ ನಂಬರಿನದೇ ಇನ್ನೊಂದು ಬಸ್ಸು ಬರುವವರೆಗೆ ಅವಳ ಪಕ್ಕದಲ್ಲಿ ನಿಂತೆ.