ಕೆರೆ ದಾಟದ ಚೆಂಡು

ಭಾವನಿಗೆ ಎದುರು ಮಾತಾಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಕ್ಕನ ಗಂಡ, ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರು, ಸಾಲದ್ದಕ್ಕೆ ಪೀಣ್ಯದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಮಾಲೀಕರು. ಇಂಥವರ ಜೊತೆ ಸೇರಿಕೊಂಡು ಒಂದೇ ಚೆಂಡಿನ ಗಾಲ್ಫ್ ಆಡಬಾರದು. ನಾನು ವರ್ಷ ವರ್ಷವೂ ಆಡಿದೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಒಂದೇ ಚೆಂಡಿನ ಆಟದಲ್ಲಿ ಇಬ್ಬರದು ಒಂದು ಜೋಡಿ. ಒಬ್ಬರು ಹೊಡೆದದ್ದು ಎಲ್ಲಿ ಹೋಗಿ ಬೀಳುತ್ತದೋ ಅಲ್ಲಿಂದ ಇನ್ನೊಬ್ಬರು ಹೊಡೆಯಬೇಕು. ಚೆಂಡು ಗುಳಿಗೆ ಬೀಳುವವರೆಗೂ ಹೀಗೇ ಸರದಿ. ಅಂದರೆ ಭಾವ ಪೊದೆಗೆ ಹೊಡೆದರೆ ಪೊದೆಯೊಳಗೆ ನುಗ್ಗಬೇಕಾದವನು ನಾನು. ಮರದ ಹಿಂದೆ ಕಳಿಸಿದರೆ ಮರಕ್ಕೆ ಸುತ್ತು ಹಾಕಿಸಬೇಕಾದವನೂ ನಾನೇ. ಅವರು ಮಾತ್ರ ಟೋಪಿ ಸರಿಮಾಡಿಕೊಂಡು, 'ನೋಡ್ಕೊಂಡು ಹೊಡಿಯೋ' ಎಂದು ದೂರ ನಿಂತುಬಿಡುತ್ತಿದ್ದರು. ನೋಡಿಕೊಂಡು ಹೊಡೆಯಬೇಕಂತೆ!

ಎಲೆಕ್ಟ್ರಾನಿಕ್ ಸಿಟಿಯಿಂದ ಆಚೆ ಒಂದು ಗಾಲ್ಫ್ ಮೈದಾನವಿತ್ತು. ಸಣ್ಣ ಕಾರ್ಖಾನೆಯವರೆಲ್ಲ ಸೇರಿ ವರ್ಷಕ್ಕೊಂದು ಭಾನುವಾರ ಅಲ್ಲಿ ಜೋಡಿ ಪಂದ್ಯ ಇಟ್ಟುಕೊಳ್ಳುತ್ತಿದ್ದರು. ಯಾರೋ ಗಿರಾಕಿ ಒಮ್ಮೆ ಕರೆದುಕೊಂಡು ಹೋದದ್ದೇ ನೆಪ, ಭಾವನಿಗೆ ಈ ಆಟದ ಹುಚ್ಚು ಹಿಡಿಯಿತು. ಒಬ್ಬರೇ ಹೋಗಲು ಬೇಜಾರೆಂದು ನನಗೂ ಹಿಡಿಸಿದರು.

ಅಲ್ಲಿನ ಕೊನೆಯ ಗುಳಿ, ಅಂದರೆ ಕೊನೆಯ ಹೋಲ್, ಕೆರೆಯ ಪಕ್ಕದ್ದು. ಹಸಿರು ಹಾದಿ ನೇರವಾಗಿ ಹೋಗಿ, ಆಮೇಲೆ ಕೆರೆಯನ್ನು ಬಳಸಿಕೊಂಡು ಬಲಕ್ಕೆ ತಿರುಗುತ್ತದೆ. ಕೆರೆಯ ಮೂಲೆಯ ಮೇಲಿಂದಲೇ ಚೆಂಡು ಹಾರಿಸಿದರೆ ದಾರಿ ಉಳಿಯುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಭಾವನಿಗೆ ಆ ಮೂಲೆ ದಾಟಿಸಬೇಕು. ಚೀಲದಲ್ಲಿದ್ದ ಅತಿ ಉದ್ದದ, ದಪ್ಪ ತಲೆಯ ಕೋಲು ತೆಗೆಯುವರು. ಪಂಚೆ ಎತ್ತಿಕಟ್ಟುವವರ ಹಾಗೆ ಪ್ಯಾಂಟು ಮೇಲೆಳೆದುಕೊಳ್ಳುವರು. ಬೀಸುವರು. ಅವರ ಚೆಂಡಿಗೆ ಬಲಕ್ಕೆ ವಾಲುವ ಚಾಳಿ ಹುಟ್ಟಿನಿಂದಲೇ ಇದೆ. ಬಲಕ್ಕೆ ಇರುವುದು ನೀರು. ಗುಳುಂ.

ವರ್ಷ ವರ್ಷವೂ ಗುಳುಂ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಕೂಡಿಟ್ಟ ಆಟವೆಲ್ಲ ಅದೊಂದೇ ಹೊಡೆತಕ್ಕೆ ನೀರುಪಾಲು. ದಂಡದ ಹೊಡೆತ ಲೆಕ್ಕಕ್ಕೆ ಸೇರಿಸಿಕೊಂಡು, ದಡದಲ್ಲಿ ಹೊಸ ಚೆಂಡು ಇಟ್ಟು ನಾನು ಮತ್ತೆ ಶುರುಮಾಡಬೇಕು. ಬಹುಮಾನಕ್ಕಂತೂ ಎಳ್ಳುನೀರು ಬಿಟ್ಟಾಯಿತು.

ನನಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಸೋತದ್ದಕ್ಕಲ್ಲ. ಇದೇ ಮನುಷ್ಯ ಕಾರ್ಖಾನೆಯಲ್ಲಿ ಹೇಗಿದ್ದರು ಎನ್ನುವುದಕ್ಕೆ. ಲೇತಿನಲ್ಲಿ ಲೋಹ ಕಡೆದು ಬುಷ್ ಎಂಬ ಬಳೆಯಂಥ ಬಿಡಿಭಾಗ ಮಾಡುವ ಕೆಲಸ ನಮ್ಮದು. ಡ್ರಾಯಿಂಗಿನಲ್ಲಿ ಅಳತೆಗೆ ಆಚೆ ಈಚೆ ಕೂದಲೆಳೆಯಷ್ಟು ಸಡಿಲ ಕೊಟ್ಟಿರುತ್ತಾರೆ. ಹುಡುಗರು ಆ ಸಡಿಲದ ಅಂಚಿಗೆ ಮಾಲು ತೆಗೆದರೆ ಭಾವ ಕೆಂಡವಾಗುತ್ತಿದ್ದರು. 'ಟೂಲ್ ಸವೀತದೆ ಕಣ್ರೋ, ಮೆಷಿನ್ ಬಿಸಿ ಆಗ್ತದೆ, ನಿಮ್ಮ ಕೈ ನಡುಗ್ತದೆ. ಯಾವತ್ತೂ ಸೆಂಟರಿಗೆ ಹಿಡೀರಿ. ತಪ್ಪಿದ್ರೂ ಒಳಗೇ ಇರ್ತದೆ' ಎಂದು ಗದರುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

ನಮ್ಮಂಥ ಭಾನುವಾರದ ಆಟಗಾರರಿಗೆ ಗಾಲ್ಫಿನಲ್ಲಿ ಬೇಕಾದ ಬುದ್ಧಿಯೂ ಇಷ್ಟೇ. ಗುಳಿಯಲ್ಲಿ ನೆಟ್ಟ ಬಾವುಟ ಗ್ರೀನಿನ, ಅಂದರೆ ಗುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ, ಅಂಚಿನಲ್ಲಿದ್ದರೆ ಅದನ್ನು ಮರೆತು ನಡುವಿಗೆ ಹೊಡೆಯಬೇಕು. ಜೀವಮಾನದಲ್ಲಿ ಒಮ್ಮೆ ಹೊಡೆದ ಅದ್ಭುತ ಹೊಡೆತವನ್ನಲ್ಲ, ಸದಾ ಹೊಡೆಯುವ ಸಾಧಾರಣ ಹೊಡೆತವನ್ನು ನಂಬಿ ಕೋಲು ತೆಗೆಯಬೇಕು. ನೀರು ಯಾವ ಕಡೆಯೋ ಅದರ ವಿರುದ್ಧ ಕಡೆಗೆ ಮುಖ ಮಾಡಬೇಕು. ನಮ್ಮ ಪಂದ್ಯಕ್ಕೆ ಬರುತ್ತಿದ್ದ ನಿವೃತ್ತರ ಒಂದು ಜೋಡಿ ಎಂದೂ ದೂರ ಹೊಡೆದವರಲ್ಲ. ಮೊಣಕಾಲು ನೋವೆಂದು ಗೊಣಗುತ್ತಾ ಟುಕುಟುಕು ಅಂತ ಮುಂದೆ ಸಾಗುವರು, ಸಂಜೆ ಕಪ್ ಎತ್ತಿಕೊಂಡು ಹೋಗುವರು. ಇದು ನನ್ನ ಕಣ್ಣಿಗೆ ಕಾಣುತ್ತಿತ್ತು. ಭಾವನ ಕಣ್ಣಿಗೆ ಯಾಕೆ ಕಾಣುತ್ತಿರಲಿಲ್ಲ?

ಹೇಳುವುದಾದರೂ ಹೇಗೆ? ಒಮ್ಮೆ ಧೈರ್ಯ ಮಾಡಿ, 'ಭಾವ, ಸ್ವಲ್ಪ ಚಿಕ್ಕ ಕೋಲು ತಗೊಂಡ್ರೆ ಹೇಗೆ?' ಎಂದೆ. 'ಗಾಳಿ ನೋಡಿದ್ಯಾ? ಹಿಂದಿಂದ ಬೀಸ್ತಿದೆ' ಎಂದರು. ಗಾಳಿ ಎದುರಿನಿಂದ ಬೀಸುತ್ತಿತ್ತು. ಅಕ್ಕನ ಬಾಯಲ್ಲಿ ಹೇಳಿಸೋಣವೆಂದು ಹೋದೆ. ಅವಳು ಒಗ್ಗರಣೆಯಿಂದ ತಲೆ ಎತ್ತದೆ, 'ಮನೇಲಿ ಟೀವಿ ರಿಮೋಟ್ ಕೇಳಿದ್ರೇ ಕೊಡಲ್ಲ ಅವ್ರು. ನಿಮ್ಮ ಕೋಲಿನ ವಿಷ್ಯ ನಾನು ಹೇಳ್ಲಾ? ಹೋಗೋ' ಎಂದಳು. ಆಗ ನನಗೊಂದು ಹಟ ಬಂತು. ಕಪ್ ಹಾಳಾಗಿ ಹೋಗಲಿ, ಈ ಮನುಷ್ಯ ಒಂದೇ ಒಂದು ಸಲ ನನ್ನ ಮಾತು ಕೇಳಬೇಕು.

ಹೊಸೂರು ರಸ್ತೆಯ ಮೇಲ್ಸೇತುವೆ ಹೊಸದಾಗಿದ್ದ ವರ್ಷವದು. ಆ ಸಲ ಏನಾಯಿತೋ, ಇಬ್ಬರೂ ಚೆನ್ನಾಗಿ ಆಡಿದೆವು. ಕೊನೆಯ ಹೋಲಿಗೆ ಬರುವಾಗ ನಮಗೆ ಬಹುಮಾನ ಕೈಗೆಟುಕುವಂತಿತ್ತು. ನೀರಿಗೆ ಬೀಳದಿದ್ದರೆ ಸಾಕು. ಮೊದಲ ಹೊಡೆತದ ಸರದಿ ಭಾವನದು. ಅವರ ಕೈ ಆಗಲೇ ಆ ದಪ್ಪ ತಲೆಯ ಕೋಲಿನ ಮೇಲಿತ್ತು.

ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. 'ಭಾವ, ಈ ಪೀಸಿಗೆ ಬಲಗಡೆ ಎಷ್ಟು ಸಡಿಲ ಕೊಟ್ಟಿದ್ದಾರೆ?' ಎಂದೆ.

'ಏನು?' ಎಂದು ತಿರುಗಿದರು.

'ಬಲಗಡೆ ಎಷ್ಟಿದೆ?'

ಕೆರೆ ನೋಡಿದರು. 'ಬಲಗಡೆ ಏನಿಲ್ಲ. ಎಲ್ಲಾ ಎಡಗಡೆಗೇ ಕೊಟ್ಟಿದ್ದಾನೆ' ಎಂದರು. ಕಾರ್ಖಾನೆಯ ದನಿಯಲ್ಲೇ ಹೇಳಿದರು.

'ಹಂಗಾದ್ರೆ ಹುಡುಗ್ರಿಗೆ ಎಲ್ಲಿ ಹಿಡೀರಿ ಅಂತೀರಿ?'

ನನ್ನನ್ನು ದುರುಗುಟ್ಟಿ ನೋಡಿದರು. ಬೈಗುಳ ಗ್ಯಾರಂಟಿ ಎಂದುಕೊಂಡು ನಾನು ನೆಲ ನೋಡಿದೆ. ಬೈಯಲಿಲ್ಲ. ಉದ್ದದ ಕೋಲನ್ನು ಚೀಲಕ್ಕೆ ಇಳಿಸಿ, ನಾವು ಸದಾ ಬಳಸುವ ಚಿಕ್ಕ ಕೋಲು, ಸೆವೆನ್ ಐರನ್ ತೆಗೆದರು. ಎಡಕ್ಕೆ ಮುಖ ಮಾಡಿ ನಿಂತು ಅಳತೆ ಹಿಡಿದವರಂತೆ ಹೊಡೆದರು. ಚೆಂಡು ಎಂದಿನಂತೆ ಬಲಕ್ಕೆ ವಾಲಿತು, ವಾಲಿ ಹಾದಿಯ ಸರಿಯಾಗಿ ನಡುವಿಗೆ ಬಿತ್ತು.

ಎರಡನೆಯದು ನನ್ನದು. ತಿರುವಿನಾಚೆಗೆ ಗ್ರೀನ್ ಕಾಣುವಲ್ಲಿಗೆ ತಳ್ಳಿದೆ. ಬಾವುಟ ನೀರಿನ ಅಂಚಿನಲ್ಲೇ ಇತ್ತು. ಭಾವ ಬಾವುಟದ ಕಡೆ ನೋಡಲೇ ಇಲ್ಲ, ಗ್ರೀನಿನ ನಡುವಿಗೆ ಹಾಕಿದರು. ನಾನು ಗುಳಿಯ ಹತ್ತಿರಕ್ಕೆ ಉರುಳಿಸಿದೆ. ಅವರು ಒಳಗೆ ಬೀಳಿಸಿದರು. ನಾನು ಕೂಗಿ ಕುಣಿದೆ. ಅವರು ಗುಳಿಯಿಂದ ಚೆಂಡು ತೆಗೆದು ಒರೆಸಿ ಜೇಬಿಗೆ ಹಾಕಿಕೊಂಡರು.

ನಮಗೆ ಮೂರನೆಯ ಬಹುಮಾನ ಬಂತು, ಒಂದು ಹಾಟ್‌ಬಾಕ್ಸ್. ವಾಪಸು ಬರುವಾಗ ಮೇಲ್ಸೇತುವೆ ಇಳಿದ ಕೂಡಲೇ ಗಾಡಿಗಳು ಒತ್ತೊತ್ತಾಗಿ ನಿಂತಿದ್ದವು. ಡಬ್ಬ ನನ್ನ ತೊಡೆಯ ಮೇಲಿತ್ತು. ಭಾವ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ನಾನೇ ಹೊಗಳಿಕೆಗೆ ಕಾದು ಸುಸ್ತಾಗಿ, 'ಹೆಂಗೆ ಭಾವ, ಗೆದ್ವಲ್ಲ!' ಎಂದೆ.

'ಗೆದ್ವಿ' ಎಂದರು. ಮುಂದಿನ ಬಸ್ಸು ಒಂದು ಮಾರು ಸರಿದು ಮತ್ತೆ ನಿಂತಿತು. 'ಆರು ದಿನ ಅದೇ ತಾನೇ ಮಾಡೋದು ನಾನು. ಸೆಂಟರಿಗೆ ಹಿಡಿ, ಸೆಂಟರಿಗೆ ಹಿಡಿ ಅಂತ. ಭಾನುವಾರ ಆ ಕೆರೆ ಒಂದು ಇತ್ತು. ಅಲ್ಲೂ ತಂದು ಕೈಗೆ ಅಳತೆ ನೋಡೋ ಗೇಜ್ ಕೊಟ್ಟೆಯಲ್ಲೋ.'

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ದಡದಲ್ಲಿ ಹೊಸ ಚೆಂಡು ಇಟ್ಟುಕೊಂಡು ಅಳುತ್ತಿದ್ದವನು ನಾನು, ಗೆಲ್ಲಿಸಿದವನೂ ನಾನು, ಈಗ ತಪ್ಪಿತಸ್ಥನೂ ನಾನೇ! ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಆದರೆ ಪಕ್ಕದಲ್ಲಿ ಕೂತಿದ್ದ ಮನುಷ್ಯ ನಿಜಕ್ಕೂ ಏನನ್ನೋ ಕಳೆದುಕೊಂಡವರಂತೆ ಕಾಣುತ್ತಿದ್ದರು. ಡಬ್ಬವನ್ನು ಹಿಂದಿನ ಸೀಟಿಗೆ ಇಟ್ಟೆ. ಹಾರ್ನುಗಳ ಗದ್ದಲದಲ್ಲೇ ಸಿಲ್ಕ್ ಬೋರ್ಡ್ ತಲುಪಿದೆವು.

ಮರುವರ್ಷ ಅದೇ ಹೋಲಿನಲ್ಲಿ ಅವರ ಕೈ ಆ ದಪ್ಪ ತಲೆಯ ಕೋಲಿಗೆ ಹೋಯಿತು. ಅದನ್ನು ತೆಗೆಯುವ ಮುಂಚೆ ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ. ಪ್ಯಾಂಟು ಮೇಲೆಳೆದುಕೊಂಡು ಬೀಸಿದರು. ಗುಳುಂ. 'ಸ್ವಲ್ಪದರಲ್ಲಿ ತಪ್ಪಿತು ಕಣೋ!' ಎಂದು ಮುಖ ಅರಳಿಸಿಕೊಂಡು ನನ್ನ ಬೆನ್ನಿಗೆ ಗುದ್ದಿದರು. ಸ್ವಲ್ಪವಂತೆ! ನಾನು ಮತ್ತೊಂದು ಚೆಂಡು ಹಿಡಿದುಕೊಂಡು ದಡಕ್ಕೆ ನಡೆದೆ.

ಆ ಹಾಟ್‌ಬಾಕ್ಸ್ ಈಗಲೂ ಅಕ್ಕನ ಮನೆಯ ಊಟದ ಮೇಜಿನ ಮೇಲಿದೆ. ಅದರ ಮೇಲೆ ಪಂದ್ಯದ ಸ್ಟಿಕ್ಕರ್ ಅರ್ಧ ಉಳಿದಿದೆ. ಮೊನ್ನೆ ಯಾರೋ ನೆಂಟರು ಊಟಕ್ಕೆ ಕೂತಾಗ ಅದನ್ನು ನೋಡಿ, 'ಗಾಲ್ಫಿನಲ್ಲಿ ಗೆದ್ರಾ?' ಎಂದು ಭಾವನನ್ನು ಕೇಳಿದರು.

'ನಮ್ಮ ಬಾಮೈದ ಗೆದ್ದಿದ್ದು' ಎಂದರು ಭಾವ.

'ಒಂದೇ ಚೆಂಡಲ್ವಾ ಭಾವ, ನೀವೂ ಆಡಿದ್ರಲ್ಲ' ಎಂದೆ ನಾನು.

'ನಾನೆಲ್ಲಿ ಆಡ್ದೆ?' ಎಂದರು. ಡಬ್ಬದ ಮುಚ್ಚಳ ತೆಗೆದು ನನ್ನ ತಟ್ಟೆಗೆ ಒಂದು ಚಪಾತಿ ಹಾಕಿದರು.